ನಾಲ್ವರಲ್ಲಿ ಪಕ್ಕವಾದ್ಯ ಯಾರು? ಪಿಯಾನೋ ಕ್ವಾರ್ಟೆಟ್ ಕೇಳುವ ಬಗೆ

ವೇದಿಕೆ ಮೇಲೆ ಒಂದು ದೊಡ್ಡ ಕಪ್ಪು ಪಿಯಾನೋ. ಅದರ ಮುಂದೆ ಕಮಾನಿನ ಆಕಾರದಲ್ಲಿ ಮೂರು ಕುರ್ಚಿ. ಮೈಕ್ ಇಲ್ಲ, ತಂಬೂರಿ ಇಲ್ಲ, ತಾಳ ಹಾಕುವವರಿಲ್ಲ. ಕೋಲು ಹಿಡಿದು ನಿಲ್ಲುವ ಕಂಡಕ್ಟರ್ ಕೂಡ ಇಲ್ಲ. ನಾಲ್ಕು ಜನ ಬಂದು, ತಲೆಬಾಗಿ, ಕೂರುತ್ತಾರೆ. ಪಿಟೀಲಿನವರು ಒಮ್ಮೆ ಉಸಿರು ಎಳೆದುಕೊಳ್ಳುತ್ತಾರೆ. ಆ ಉಸಿರೇ ಸನ್ನೆ. ಮರುಕ್ಷಣ ನಾಲ್ವರೂ ಒಟ್ಟಿಗೆ ಶುರು.

ನಮ್ಮ ಕಛೇರಿಗಳನ್ನು ಕೇಳಿ ಬೆಳೆದವರಿಗೆ ಇಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ. ಇವರಲ್ಲಿ ಮುಖ್ಯ ಕಲಾವಿದರು ಯಾರು, ಪಕ್ಕವಾದ್ಯ ಯಾರು? ನಾನು ಮೊದಲ ಸಲ ಪಿಯಾನೋ ಕ್ವಾರ್ಟೆಟ್ ಕೇಳಲು ಕೂತಾಗ ಪೂರ್ತಿ ಅರ್ಧ ಗಂಟೆ ಇದನ್ನೇ ಹುಡುಕಿದೆ. ಉತ್ತರ ಸಿಗಲಿಲ್ಲ. ಆಮೇಲೆ ಗೊತ್ತಾಯಿತು, ಆ ಹುಡುಕಾಟವೇ ಈ ಸಂಗೀತವನ್ನು ಕೇಳುವ ದಾರಿ. ಇಲ್ಲಿ ಪಕ್ಕವಾದ್ಯ ಇದೆ. ಆದರೆ ಆ ಕೆಲಸ ಒಬ್ಬರ ಕೈಯಲ್ಲಿ ನಿಲ್ಲುವುದಿಲ್ಲ. ಎರಡು ನಿಮಿಷಕ್ಕೊಮ್ಮೆ, ಕೆಲವೊಮ್ಮೆ ಎರಡು ಸೆಕೆಂಡಿಗೊಮ್ಮೆ, ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ.

ಮೊದಲು ಹೆಸರಿನ ವಿಷಯ. ಚೇಂಬರ್ ಅಂದರೆ ಕೋಣೆ. ದೊಡ್ಡ ಸಭಾಂಗಣಕ್ಕೋ ಚರ್ಚಿಗೋ ಅಲ್ಲ, ಮನೆಯ ಕೋಣೆಗೆ ಅಂತ ಬರೆದ ಸಂಗೀತವೇ ಚೇಂಬರ್ ಮ್ಯೂಸಿಕ್. ಒಂದೊಂದು ಸಾಲಿಗೆ ಒಬ್ಬರೇ ವಾದಕರು. ಆರ್ಕೆಸ್ಟ್ರಾದಲ್ಲಿ ಹದಿನಾರು ಪಿಟೀಲು ಒಂದೇ ಸಾಲನ್ನು ನುಡಿಸುವಾಗ ಒಬ್ಬರು ತಪ್ಪಿದರೂ ತಿಳಿಯುವುದಿಲ್ಲ. ಇಲ್ಲಿ ಒಬ್ಬರು ಸುಮ್ಮನಾದರೆ ಆ ಸಾಲೇ ಇಲ್ಲ. ಕ್ವಾರ್ಟೆಟ್ ಅಂದರೆ ನಾಲ್ವರ ಮೇಳ. ಆದರೆ ಪಿಯಾನೋ ಕ್ವಾರ್ಟೆಟ್ ಅಂದರೆ ನಾಲ್ಕು ಪಿಯಾನೋ ಅಲ್ಲ. ಒಂದು ಪಿಯಾನೋ, ಒಂದು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೋ.

ಸ್ಟ್ರಿಂಗ್ ಕ್ವಾರ್ಟೆಟ್ ಎಂಬ ಇನ್ನೊಂದು ಮೇಳ ಜಾಸ್ತಿ ಹೆಸರುವಾಸಿ. ಅದರಲ್ಲಿ ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೋ. ಅದರಿಂದ ಎರಡನೇ ಪಿಟೀಲನ್ನು ಎಬ್ಬಿಸಿ ಆ ಜಾಗಕ್ಕೆ ಪಿಯಾನೋ ತಂದರೆ ನಮ್ಮ ಮೇಳ ಆಯಿತು. ಯಾರನ್ನೂ ಎಬ್ಬಿಸದೆ ಪಿಯಾನೋ ಸೇರಿಸಿದರೆ ಅದು ಪಿಯಾನೋ ಕ್ವಿಂಟೆಟ್, ಐವರ ಮೇಳ. ಕ್ವಿಂಟೆಟ್ ಅಂದಾಗ ನನಗೆ ಮೈಸೂರು ನೆನಪಾಗುತ್ತದೆ. ರಷ್ಯಾದ ರಚನಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ನೆಲೆಸಿದ್ದ ಕೊನೆಯ ವರ್ಷಗಳಲ್ಲಿ ಒಂದು ಪಿಯಾನೋ ಕ್ವಿಂಟೆಟ್ ಬರೆದು ಮುಗಿಸಿದರು. ಆ ದಿನಗಳಲ್ಲೇ ಅವರ ರಚನೆಗಳು ಧ್ವನಿಮುದ್ರಣವಾಗಲಿ ಅಂತ ಹಣ ಕೊಟ್ಟು ಮೆಟ್ನರ್ ಸೊಸೈಟಿ ಕಟ್ಟಿಸಿದವರು ನಮ್ಮ ಜಯಚಾಮರಾಜ ಒಡೆಯರ್. ಸ್ವತಃ ಪಿಯಾನೋ ಕಲಿತಿದ್ದ ಮಹಾರಾಜರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಂಚರ್ಟೋವನ್ನು, ಅಂದರೆ ಪಿಯಾನೋ ಮತ್ತು ಆರ್ಕೆಸ್ಟ್ರಾಕ್ಕೆ ಬರೆದ ಕೃತಿಯನ್ನು, ಅವರಿಗೇ ಅರ್ಪಿಸಿದ್ದಾರೆ.

ಮತ್ತೆ ನಾಲ್ವರ ಹತ್ತಿರ ಬರೋಣ. ಪಿಟೀಲು ನಮಗೆ ಗೊತ್ತು. ಚೆಲ್ಲೋ ಅಂದರೆ ಕಾಲುಗಳ ನಡುವೆ ನಿಲ್ಲಿಸಿ ನುಡಿಸುವ ದೊಡ್ಡ ವಾದ್ಯ, ದನಿ ಗಂಡಸಿನ ಕಂಠದ ಹಾಗೆ. ಇವೆರಡರ ನಡುವಿನದು ವಿಯೋಲಾ. ನೋಡಲು ಪಿಟೀಲಿನ ಹಾಗೇ, ಗಾತ್ರ ಸ್ವಲ್ಪ ದೊಡ್ಡದು. ಪಿಟೀಲಿಗಿಂತ ಐದು ಸ್ವರ ಕೆಳಗೆ ಶ್ರುತಿ ಮಾಡಿರುತ್ತಾರೆ. ಚೆಲ್ಲೋ ವಿಯೋಲಾಕ್ಕಿಂತ ಒಂದು ಪೂರ್ತಿ ಸ್ಥಾಯಿ ಕೆಳಗೆ. ವಿಯೋಲಾದ ದನಿಯಲ್ಲಿ ಸ್ವಲ್ಪ ಕಂದು ಬಣ್ಣ ಇದೆ ಅಂತ ನನಗೆ ಯಾವಾಗಲೂ ಅನಿಸುತ್ತದೆ. ಬೆಲ್ಲದ ಪಾಕ ಏರುವಾಗಿನ ಬಣ್ಣ. ಜನ ಸಾಮಾನ್ಯವಾಗಿ ಮೇಲಿನ ಪಿಟೀಲನ್ನೂ ಕೆಳಗಿನ ಚೆಲ್ಲೋವನ್ನೂ ಕೇಳಿಸಿಕೊಂಡು ನಡುವಿನ ಇದನ್ನು ಬಿಟ್ಟುಬಿಡುತ್ತಾರೆ. ಪಿಯಾನೋ ಕ್ವಾರ್ಟೆಟ್‌ನಲ್ಲಿ ಹಾಗೆ ಮಾಡಿದರೆ ನಷ್ಟ. ಪಿಯಾನೋ ಟ್ರಿಯೋ ಎಂಬ ಮೂವರ ಮೇಳದಲ್ಲಿ ವಿಯೋಲಾ ಇರುವುದಿಲ್ಲ. ಈ ನಾಲ್ಕನೆಯ ಕುರ್ಚಿ ಬಂದಿರುವುದೇ ಅದಕ್ಕಾಗಿ.

ಈಗ ನಿಜವಾದ ತೊಡಕು. ಪಿಯಾನೋಗೂ ಈ ಮೂರು ಕಮಾನು ವಾದ್ಯಗಳಿಗೂ ಹುಟ್ಟುಗುಣವೇ ಬೇರೆ.

ಪಿಟೀಲಿನ ಸ್ವರ ಹುಟ್ಟಿದ ಮೇಲೆ ಬೆಳೆಯಬಲ್ಲದು. ಕಮಾನಿನ ಒತ್ತಡ ಏರಿಸಿದರೆ ಅದೇ ಸ್ವರ ತುಂಬಿಕೊಳ್ಳುತ್ತದೆ, ಇಳಿಸಿದರೆ ಕರಗುತ್ತದೆ. ಪಿಯಾನೋದಲ್ಲಿ ಅದು ಆಗದು. ಕೀ ಒತ್ತಿದಾಗ ಒಳಗೊಂದು ಸಣ್ಣ ಸುತ್ತಿಗೆ ತಂತಿಗೆ ಹೊಡೆದು ಹಿಂದೆ ಸರಿಯುತ್ತದೆ. ಅಷ್ಟೇ. ಆ ಕ್ಷಣದಿಂದ ಸ್ವರ ಸಾಯುತ್ತಾ ಹೋಗುತ್ತದೆ. ಎಷ್ಟೇ ದೊಡ್ಡ ಕಲಾವಿದರಾದರೂ ಹೊಡೆದ ಸ್ವರವನ್ನು ಆಮೇಲೆ ದೊಡ್ಡದು ಮಾಡಲಾಗದು. ಗಮಕವಂತೂ ಸಾಧ್ಯವೇ ಇಲ್ಲ. ಒಂದು ಕೀಗೆ ಒಂದು ಸ್ವರ, ನಡುವೆ ಜಾರುವ ದಾರಿ ಇಲ್ಲ.

ಶ್ರುತಿಯೂ ಹಾಗೇ. ಪಿಯಾನೋದ ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ ಮೊದಲೇ ಶ್ರುತಿ ಮಾಡಿಟ್ಟಿರುತ್ತಾರೆ. ಹಾರ್ಮೋನಿಯಂ ಬಗ್ಗೆ ನಮ್ಮಲ್ಲಿ ಇದ್ದ ತಕರಾರು ನೆನಪಿಸಿಕೊಳ್ಳಿ. ಪಿಟೀಲಿನವರ ಬೆರಳು ಕೂದಲೆಳೆಯಷ್ಟು ಮೇಲೆ, ಕೂದಲೆಳೆಯಷ್ಟು ಕೆಳಗೆ ಹೋಗಬಲ್ಲದು. ಮೂವರೇ ನುಡಿಸುವಾಗ ತಮ್ಮ ನಡುವೆ ಹಿತವಾಗಿ ಕೂರುವ ಜಾಗ ಹುಡುಕಿಕೊಳ್ಳುತ್ತಾರೆ. ಪಿಯಾನೋ ಸೇರಿದ ತಕ್ಷಣ ಅದರ ಜಾಗಕ್ಕೆ ಹೊಂದಿಕೊಳ್ಳಬೇಕು, ಏಕೆಂದರೆ ಅದು ಕದಲುವುದಿಲ್ಲ. ಒಳ್ಳೆಯ ವಾದಕರು ಒಂದೇ ಸಂಜೆಯಲ್ಲಿ ಈ ಹೊಂದಾಣಿಕೆಯನ್ನು ಸಾವಿರ ಸಲ ಮಾಡುತ್ತಾರೆ. ನಮಗೆ ಅದು ಗೊತ್ತೇ ಆಗುವುದಿಲ್ಲ.

ಮೂರನೆಯದು ಶಕ್ತಿ. ಇಂದಿನ ದೊಡ್ಡ ಕಛೇರಿ ಪಿಯಾನೋ ಒಂದರ ಉದ್ದ ಸುಮಾರು 2.75 ಮೀಟರ್. ತೂಕ 500 ಕೆ.ಜಿ. ಹತ್ತಿರ. ಒಳಗೆ ಎರಕದ ಕಬ್ಬಿಣದ ಚೌಕಟ್ಟು. 200ಕ್ಕೂ ಹೆಚ್ಚು ತಂತಿಗಳು ಸೇರಿ ಅದನ್ನು ಎಳೆಯುವ ಬಲ ಸುಮಾರು 20 ಟನ್. ಇದರ ಎದುರು ತೆಳ್ಳಗಿನ ಮರದ ಮೂರು ಪೆಟ್ಟಿಗೆಗಳು! ಪಿಯಾನೋದವರು ಮನಸ್ಸು ಮಾಡಿದರೆ ಮೂವರನ್ನೂ ಮುಳುಗಿಸಿಬಿಡಬಹುದು. ಹಾಗಾಗಿ ಕೇಳುವಾಗ ಪಿಯಾನೋದವರ ಬಲಗೈಯ ವೇಗಕ್ಕಿಂತ ಎಡಗೈಯ ಸಂಯಮ ನೋಡಿ. ಮಂದ್ರದ ದಪ್ಪ ಸ್ವರಗಳು ಜಾಸ್ತಿಯಾದರೆ ಮೊದಲು ಕಾಣೆಯಾಗುವುದು ಚೆಲ್ಲೋ, ಆಮೇಲೆ ವಿಯೋಲಾ.

ಇಷ್ಟು ಹೊಂದದ ಜೋಡಿಯನ್ನು ಯಾಕೆ ಕೂಡಿಸಿದರು? ಅದಕ್ಕೆ 1785ರ ವಿಯೆನ್ನಾಕ್ಕೆ ಹೋಗಬೇಕು.

ಆ ಕಾಲದಲ್ಲಿ ಪಿಯಾನೋ ಮನೆಮನೆಗೆ ಬರುತ್ತಿದ್ದ ಹೊಸ ವಾದ್ಯ. ಉಳ್ಳವರ ಮನೆಗಳಲ್ಲಿ ಹವ್ಯಾಸಿಗಳು ಸೇರಿ ಸಂಜೆ ನುಡಿಸುತ್ತಿದ್ದರು. ಅವರಿಗಾಗಿ ಪ್ರಕಾಶಕರು ಸ್ವರಲಿಪಿಯ ಹಾಳೆಗಳನ್ನು ಅಚ್ಚು ಹಾಕಿ ಮಾರುತ್ತಿದ್ದರು. ಅಂಥ ರಚನೆಗಳಲ್ಲಿ ಸಾಮಾನ್ಯವಾಗಿ ಪಿಯಾನೋದ್ದೇ ಕಾರುಬಾರು, ಪಿಟೀಲು ಸುಮ್ನೆ ಜೊತೆಗಿರುತ್ತಿತ್ತು. ಪುಸ್ತಕದ ಮೇಲೂ ಪಿಟೀಲಿನ ಪಕ್ಕವಾದ್ಯದೊಂದಿಗೆ ಪಿಯಾನೋ ಸೊನಾಟಾ ಎಂಬ ಅರ್ಥದಲ್ಲೇ ಹಾಕುತ್ತಿದ್ದರು. ನಮ್ಮಲ್ಲಿ ಪಕ್ಕದಲ್ಲಿ ಕೂತ ಪಿಟೀಲು ಅಲ್ಲೂ ಆಗ ಪಕ್ಕದಲ್ಲೇ ಕೂತಿತ್ತು.

ಫ್ರಾಂಟ್ಸ್ ಆಂಟನ್ ಹಾಫ್‌ಮೈಸ್ಟರ್ ಎಂಬ ಪ್ರಕಾಶಕ ಮೊತ್ಸಾರ್ಟ್‌ಗೆ ಮೂರು ಪಿಯಾನೋ ಕ್ವಾರ್ಟೆಟ್ ಬರೆದುಕೊಡಿ ಅಂತ ಕೇಳಿದ. ಮೊತ್ಸಾರ್ಟ್ ಆಗ ವಿಯೆನ್ನಾದಲ್ಲಿ ಪಿಯಾನೋ ವಾದಕನಾಗಿ ಭಾರೀ ಹೆಸರು ಮಾಡಿದ್ದ ಕಾಲ. ಅವರಿಗೆ ವಿಯೋಲಾವೂ ಬಹಳ ಇಷ್ಟ. ಮೈಕೆಲ್ ಕೆಲ್ಲಿ ಎಂಬ ಐರಿಷ್ ಗಾಯಕ ತನ್ನ ನೆನಪುಗಳಲ್ಲಿ ವಿಯೆನ್ನಾದ ಒಂದು ಸಂಜೆಯನ್ನು ಬರೆದಿದ್ದಾನೆ. ಹೈಡನ್ ಮತ್ತು ಡಿಟರ್ಸ್‌ಡಾರ್ಫ್ ಪಿಟೀಲು, ಮೊತ್ಸಾರ್ಟ್ ವಿಯೋಲಾ, ವಾನ್ಹಾಲ್ ಚೆಲ್ಲೋ. ನಾಲ್ವರೂ ರಚನಕಾರರೇ! ಅಂಥ ಸಂಜೆಗಳಲ್ಲಿ ನಡುವಿನ ಕುರ್ಚಿಯಲ್ಲಿ ಕೂತು, ಮೇಲೂ ಕೆಳಗೂ ಕಿವಿ ಕೊಟ್ಟು ನುಡಿಸಿದವನು ಪಿಯಾನೋ ಕ್ವಾರ್ಟೆಟ್ ಬರೆದರೆ ಹೇಗಿರುತ್ತದೆ? ಯಾರನ್ನೂ ಸುಮ್ನೆ ಕೂರಿಸುವುದಿಲ್ಲ.

ಹಾಗೇ ಆಯಿತು. ಜಿ ಮೈನರ್‌ನ ಮೊದಲ ಕ್ವಾರ್ಟೆಟ್ 1785ರ ಅಕ್ಟೋಬರ್‌ನಲ್ಲಿ ಸಿದ್ಧವಾಯಿತು. ಮೊತ್ಸಾರ್ಟ್ ರಚನೆಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಕೆ. 478. ಕೊಂಡವರು ಕಷ್ಟ ಕಷ್ಟ ಅಂದರು. ಮಾರಾಟ ಕುಸಿಯಿತು. ಹಾಫ್‌ಮೈಸ್ಟರ್ ಮಿಕ್ಕ ಎರಡು ಬೇಡ ಅಂದ, ಮುಂಗಡ ಕೊಟ್ಟ ಹಣವನ್ನು ಮೊತ್ಸಾರ್ಟ್‌ಗೇ ಬಿಟ್ಟ ಎಂಬ ಕಥೆ ಮೊತ್ಸಾರ್ಟ್ ಹೆಂಡತಿಯ ಎರಡನೆಯ ಗಂಡ ಬರೆದ ಜೀವನಚರಿತ್ರೆಯಲ್ಲಿದೆ. ಮೊತ್ಸಾರ್ಟ್ ಆದರೂ 1786ರಲ್ಲಿ ಇನ್ನೊಂದನ್ನು ಬರೆದರು, ಇ ಫ್ಲ್ಯಾಟ್ ಮೇಜರ್‌ನಲ್ಲಿ. ಅದನ್ನು ಅಚ್ಚು ಹಾಕಿದ್ದು ಅರ್ಟಾರಿಯಾ ಎಂಬ ಬೇರೆ ಪ್ರಕಾಶನ. ಮೂರನೆಯದು ಬರಲೇ ಇಲ್ಲ. ವಿಶೇಷ ಅಂದರೆ ಅದೇ 1785ರಲ್ಲಿ ದೂರದ ಬಾನ್ ಊರಿನಲ್ಲಿ ಒಬ್ಬ ಹುಡುಗ ಕೂತು ಇದೇ ನಾಲ್ಕು ವಾದ್ಯಗಳಿಗೆ ಮೂರು ಕ್ವಾರ್ಟೆಟ್ ಬರೆಯುತ್ತಿದ್ದ. ವಯಸ್ಸು ಹದಿನಾಲ್ಕು. ಹೆಸರು ಬೀಥೋವನ್. ಅವು ಅಚ್ಚಾಗಿದ್ದು ಅವನು ತೀರಿಕೊಂಡ ಮೇಲೆ.

ಜಿ ಮೈನರ್ ಕ್ವಾರ್ಟೆಟ್‌ನ ಮೊದಲ ಸಾಲನ್ನು ಒಮ್ಮೆ ಕೇಳಿ. ನಾಲ್ವರೂ ಒಂದೇ ಸ್ವರಗಳನ್ನು ಒಟ್ಟಿಗೆ, ಗಟ್ಟಿಯಾಗಿ ನುಡಿಸುತ್ತಾರೆ. ಬಾಗಿಲು ಬಡಿದ ಹಾಗೆ. ತಕ್ಷಣ ಮೂವರೂ ನಿಲ್ಲುತ್ತಾರೆ, ಪಿಯಾನೋ ಒಂದೇ ಮೆತ್ತಗೆ ಉತ್ತರ ಕೊಡುತ್ತದೆ. ಮತ್ತೆ ಬಡಿತ, ಮತ್ತೆ ಉತ್ತರ. ಕೆಲವೇ ಸೆಕೆಂಡಿನಲ್ಲಿ ಮೊತ್ಸಾರ್ಟ್ ಎರಡು ವಿಷಯ ಹೇಳಿಬಿಟ್ಟಿದ್ದಾರೆ. ಈ ನಾಲ್ಕು ವಾದ್ಯ ಒಂದಾಗಬಲ್ಲವು, ಪಿಯಾನೋ ಬೇರೆಯಾಗಿ ನಿಲ್ಲಲೂ ಬಲ್ಲದು. ಮುಂದಿನ ಇಡೀ ಕೃತಿ ಈ ಎರಡರ ನಡುವಿನ ಓಡಾಟ.

ಜಿ ಮೈನರ್ ಅಂದರೆ ಏನು ಅಂತ ಕೇಳುವವರಿಗೆ ನಮ್ಮ ರಾಗಗಳಿಂದ ಒಂದು ದಾರಿ ಇದೆ. ಪಾಶ್ಚಾತ್ಯರ ಮೇಜರ್ ಸ್ವರಶ್ರೇಣಿ ನಮ್ಮ ಶಂಕರಾಭರಣದ್ದು. ಮೈನರ್ ಸಹಜ ರೂಪದಲ್ಲಿ ನಠಭೈರವಿ, ನಿಷಾದ ಏರಿಸಿದಾಗ ಕೀರವಾಣಿ. ರಾಗದ ನಡೆ, ಗಮಕ ಯಾವುದೂ ಅಲ್ಲಿಲ್ಲ, ಸ್ವರಸ್ಥಾನಗಳು ಮಾತ್ರ ಒಂದೇ. ಹಾಗಾಗಿ ಜಿ ಮೈನರ್ ಅಂದರೆ ಜಿ ಎಂಬ ಸ್ವರವನ್ನು ಷಡ್ಜ ಮಾಡಿಕೊಂಡ ಕೀರವಾಣಿ, ನಠಭೈರವಿಗಳ ಬಣ್ಣ ಅಂದುಕೊಳ್ಳಿ.

ಈಗ ದೊಡ್ಡ ವ್ಯತ್ಯಾಸ. ನಮ್ಮಲ್ಲಿ ಕಛೇರಿ ಮುಗಿಯುವ ತನಕ ಷಡ್ಜ ಕದಲುವುದಿಲ್ಲ. ಎಷ್ಟೇ ರಾಗ ಬದಲಾದರೂ ತಂಬೂರಿಯ ಸ ಇದ್ದಲ್ಲೇ ಇರುತ್ತದೆ. ಅಲ್ಲಿ ಷಡ್ಜವೇ ಎದ್ದು ಹೊರಟುಬಿಡುತ್ತದೆ. ಈ ಕ್ವಾರ್ಟೆಟ್‌ನ ಮೊದಲ ಭಾಗ ಶುರುವಾಗಿ ಸ್ವಲ್ಪ ಹೊತ್ತಿಗೆ ಷಡ್ಜ ಜಿ ಬಿಟ್ಟು ಬಿ ಫ್ಲ್ಯಾಟ್‌ಗೆ ಹೋಗುತ್ತದೆ. ಬಿ ಫ್ಲ್ಯಾಟ್ ಅಂದರೆ ಜಿ ಮೈನರ್‌ನ ಗಾಂಧಾರ. ಗ್ರಹಭೇದ ಗೊತ್ತಿರುವವರಿಗೆ ಇಲ್ಲಿ ಒಂದು ಸಂತೋಷ ಕಾದಿದೆ. ನಠಭೈರವಿಯ ಗಾಂಧಾರವನ್ನು ಷಡ್ಜ ಮಾಡಿಕೊಂಡರೆ ಏನು ಬರುತ್ತದೆ? ಶಂಕರಾಭರಣ! ಅದೇ ನಡೆಯುತ್ತದೆ. ಅದೇ ಸ್ವರಗಳ ಮನೆಯಲ್ಲಿ ಕಿಟಕಿ ತೆಗೆದ ಹಾಗೆ ಬೆಳಕು ಬೀಳುತ್ತದೆ, ರಾಗ ಮೈನರ್‌ನಿಂದ ಮೇಜರ್ ಆಗುತ್ತದೆ.

ಹೊರಟ ಷಡ್ಜ ಆಮೇಲೆ ಅಲ್ಲಿ ಇಲ್ಲಿ ಅಲೆಯುತ್ತದೆ. ಮೊದಲು ಕೇಳಿದ ಸಾಲುಗಳು ತುಂಡಾಗಿ, ಒಬ್ಬರಿಂದೊಬ್ಬರಿಗೆ ಎಸೆದಾಡಿ, ಗುರುತು ಸಿಗದ ಹಾಗಾಗುತ್ತವೆ. ನಂತರ ಷಡ್ಜ ಮನೆಗೆ ಮರಳುತ್ತದೆ. ಆ ಬಾಗಿಲು ಬಡಿಯುವ ಸಾಲು ಮತ್ತೆ ಬರುತ್ತದೆ. ಮನೆಯಿಂದ ಹೊರಡು, ಅಲೆ, ಮರಳಿ ಬಾ. ಇದನ್ನು ಸೊನಾಟಾ ರೂಪ ಅನ್ನುತ್ತಾರೆ. ಈ ಕಾಲದ ಕ್ವಾರ್ಟೆಟ್‌ಗಳ ಮೊದಲ ಭಾಗ ಹೆಚ್ಚಾಗಿ ಹೀಗೇ ಇರುತ್ತದೆ. ಪಲ್ಲವಿ ಮತ್ತೆ ಬಂದಾಗ ನಮಗೆ ಆಗುವ ಸಮಾಧಾನವನ್ನು ಇಲ್ಲಿ ಷಡ್ಜ ಮರಳುವುದು ಕೊಡುತ್ತದೆ. ಆದರೆ ಮೊತ್ಸಾರ್ಟ್ ಇಲ್ಲಿ ಪೂರ್ತಿ ಸಮಾಧಾನ ಕೊಡುವುದಿಲ್ಲ. ಭಾಗ ಮುಗಿಯುವುದು ಜಿ ಮೈನರ್‌ನಲ್ಲೇ, ಅದೇ ಬಡಿತದೊಂದಿಗೆ. ಬೆಳಕಿಗೆ ಮೂರನೆಯ ಭಾಗದ ತನಕ ಕಾಯಬೇಕು, ಅದು ಜಿ ಮೇಜರ್.

ಮೊತ್ಸಾರ್ಟ್ ನುಡಿಸಿದ ಪಿಯಾನೋ ಇಂದಿನದಲ್ಲ ಎಂಬುದನ್ನೂ ನೆನಪಿಡಬೇಕು. ಆಂಟನ್ ವಾಲ್ಟರ್ ಮಾಡಿದ ಅವರ ವಾದ್ಯ ಈಗಲೂ ಸಾಲ್ಜ್‌ಬರ್ಗ್‌ನಲ್ಲಿದೆ. ಐದೇ ಸ್ಥಾಯಿ, ಪೂರ್ತಿ ಮರದ ಚೌಕಟ್ಟು, ತೆಳು ತಂತಿ, ಸುತ್ತಿಗೆಯ ತುದಿಗೆ ಚರ್ಮ. ಇಂದಿನ ಪಿಯಾನೋದಲ್ಲಿ 88 ಕೀ, ಸುತ್ತಿಗೆಗೆ ದಪ್ಪ ಉಣ್ಣೆಯ ಫೆಲ್ಟ್. ಹಳೆಯದರ ದನಿ ಚುರುಕು, ಬೇಗ ಕರಗುತ್ತದೆ, ಪಿಟೀಲಿನ ಮೇಲೆ ಬೀಳುವುದಿಲ್ಲ. ಅಂಥ ಹಳೆಯ ಮಾದರಿಯ ವಾದ್ಯದಲ್ಲಿ ಈ ಕ್ವಾರ್ಟೆಟ್ ಕೇಳಿದ ದಿನ ನನಗೆ ವಿಯೋಲಾದ ಎಷ್ಟೋ ಸಾಲುಗಳು ಹೊಸದಾಗಿ ಕಿವಿಗೆ ಬಿದ್ದವು. ಸಾಧ್ಯವಾದರೆ ಎರಡೂ ಬಗೆಯ ಧ್ವನಿಮುದ್ರಣಗಳನ್ನು ಒಂದರ ಹಿಂದೆ ಒಂದು ಕೇಳಿ ನೋಡಿ.

1788ರಲ್ಲಿ ವೈಮಾರ್‌ನ ಒಂದು ಪತ್ರಿಕೆಯಲ್ಲಿ ಮೊತ್ಸಾರ್ಟ್‌ನ ಪಿಯಾನೋ ಕ್ವಾರ್ಟೆಟ್ ಒಂದರ ಬಗ್ಗೆ ಬರಹ ಬಂದಿತ್ತು. ಎಲ್ಲ ಕಡೆ ಹವ್ಯಾಸಿಗಳು ಅದನ್ನು ಗದ್ದಲದ ದೊಡ್ಡ ಕೂಟಗಳಲ್ಲಿ ನುಡಿಸಿ ಹಾಳು ಮಾಡುತ್ತಿದ್ದಾರೆ, ಅದೇ ಕೃತಿಯನ್ನು ಚೆನ್ನಾಗಿ ಅಭ್ಯಾಸ ಮಾಡಿದ ನಾಲ್ವರು ಒಂದು ಸದ್ದಿಲ್ಲದ ಕೋಣೆಯಲ್ಲಿ ಎರಡು ಮೂರು ಜನರ ಮುಂದೆ ನುಡಿಸಿದರೆ ಅದರ ಕಥೆಯೇ ಬೇರೆ ಎಂಬುದು ಅದರ ಸಾರಾಂಶ. ಈ ಮಾತಿಗೆ ನಾನು ಇಂದಿಗೂ ಸಹಿ ಹಾಕುತ್ತೇನೆ. ಸಾವಿರಾರು ಜನ ಕೂರುವ ಹಾಲ್ ಈ ಸಂಗೀತಕ್ಕೆ ಒಗ್ಗುವುದಿಲ್ಲ. ಲಂಡನ್ನಿನ ವಿಗ್ಮೋರ್ ಹಾಲ್ ಚೇಂಬರ್ ಸಂಗೀತಕ್ಕೆ ಜಗತ್ತಿನಲ್ಲೇ ಹೆಸರಾದ ಜಾಗ, ಅಲ್ಲಿರುವುದು ಸುಮಾರು 550 ಆಸನ ಮಾತ್ರ. 1901ರಲ್ಲಿ ಅದನ್ನು ಕಟ್ಟಿಸಿದ್ದು ಬೆಕ್‌ಸ್ಟೈನ್ ಎಂಬ ಪಿಯಾನೋ ಕಂಪನಿ. ಬ್ರಿಟನ್ನಿನ ಡೋಮಸ್ ಎಂಬ ಪಿಯಾನೋ ಕ್ವಾರ್ಟೆಟ್ ತಂಡ ಇನ್ನೂ ಮುಂದೆ ಹೋಗಿತ್ತು. 1979ರಲ್ಲಿ ಶುರುವಾದ ಆ ತಂಡ ಬಿಚ್ಚಿ ಜೋಡಿಸಬಹುದಾದ ಗುಮ್ಮಟದಂಥ ಡೇರೆಯೊಂದನ್ನು ಜೊತೆಗೇ ಹೊತ್ತೊಯ್ದು ಅದರೊಳಗೆ ಕಛೇರಿ ಮಾಡುತ್ತಿತ್ತು. ಕೇಳುಗರು ವಾದಕರ ಹತ್ತಿರ ಕೂರಲಿ ಅಂತ.

ಹತ್ತಿರ ಕೂತರೆ ಏನು ಕಾಣುತ್ತದೆ ಅಂತ ಹೇಳುತ್ತೇನೆ. ಪಿಯಾನೋದವರ ಎಡಗಡೆ ಇನ್ನೊಬ್ಬರು ಸದ್ದಿಲ್ಲದೆ ಕೂತಿರುತ್ತಾರೆ. ಹಾಳೆ ತಿರುವುವವರು. ಮಿಕ್ಕ ಮೂವರಿಗೆ ಬೇಡದ ಸಹಾಯ ಪಿಯಾನೋದವರಿಗೆ ಯಾಕೆ? ಪಿಟೀಲಿನವರ ಮುಂದಿರುವ ಹಾಳೆಯಲ್ಲಿ ಪಿಟೀಲಿನ ಸಾಲು ಮಾತ್ರ ಇರುತ್ತದೆ. ಪಿಯಾನೋದವರ ಹಾಳೆಯಲ್ಲಿ ತಮ್ಮ ಎರಡು ಕೈಗಳ ಸಾಲಿನ ಮೇಲೆ ಇತರ ಮೂವರ ಸಾಲುಗಳೂ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತವೆ. ಹಾಗಾಗಿ ಪುಟ ಬೇಗ ಬೇಗ ಮುಗಿಯುತ್ತದೆ, ಎರಡು ಕೈಗೂ ಬಿಡುವಿಲ್ಲ. ಇದರಲ್ಲಿ ಇನ್ನೊಂದು ಅರ್ಥವೂ ಇದೆ. ನಾಲ್ವರೂ ಏನು ನುಡಿಸುತ್ತಾರೆ ಎಂಬುದು ಕಣ್ಣೆದುರು ಇರುವುದು ಒಬ್ಬರಿಗೆ ಮಾತ್ರ. ಮಿಕ್ಕವರು ಕಿವಿಯಿಂದಲೇ ತಿಳಿಯಬೇಕು. ಈಗೀಗ ಕೆಲವರು ಟ್ಯಾಬ್ಲೆಟ್ ಇಟ್ಟುಕೊಂಡು ಕಾಲಿನಿಂದ ಪುಟ ತಿರುವುತ್ತಾರೆ.

ಇನ್ನೊಂದು ದೃಶ್ಯ ಶೂಮನ್‌ನ ಕ್ವಾರ್ಟೆಟ್‌ನಲ್ಲಿದೆ. ಇ ಫ್ಲ್ಯಾಟ್ ಮೇಜರ್, ಓಪಸ್ 47, ಅಂದರೆ ಅವರ ಕೃತಿಗಳ ಪಟ್ಟಿಯಲ್ಲಿ 47ನೆಯ ಸಂಖ್ಯೆ. ರಾಬರ್ಟ್ ಶೂಮನ್ ಒಂದೊಂದು ವರ್ಷ ಒಂದೊಂದು ಬಗೆಯ ಸಂಗೀತಕ್ಕೆ ಬಿದ್ದವರು. 1840 ಹಾಡುಗಳ ವರ್ಷ, 1841 ಆರ್ಕೆಸ್ಟ್ರಾದ್ದು, 1842 ಚೇಂಬರ್ ಸಂಗೀತದ್ದು. ಆ ಒಂದೇ ವರ್ಷ ಲೈಪ್ಜಿಗ್‌ನಲ್ಲಿ ಕೂತು ಮೂರು ಸ್ಟ್ರಿಂಗ್ ಕ್ವಾರ್ಟೆಟ್, ಒಂದು ಪಿಯಾನೋ ಕ್ವಿಂಟೆಟ್, ಅದರ ಬೆನ್ನಿಗೇ ಈ ಪಿಯಾನೋ ಕ್ವಾರ್ಟೆಟ್ ಬರೆದರು. ಪಿಯಾನೋ ವಾದಕನಾಗಬೇಕೆಂದಿದ್ದ ಅವರ ಬಲಗೈ ಬೆರಳು ಹಾಳಾಗಿತ್ತು. ಮನೆಯಲ್ಲಿ ಯುರೋಪಿನ ಅತಿ ದೊಡ್ಡ ಪಿಯಾನೋ ವಾದಕರಲ್ಲಿ ಒಬ್ಬರಿದ್ದರು, ಹೆಂಡತಿ ಕ್ಲಾರಾ. 1844ರಲ್ಲಿ ಲೈಪ್ಜಿಗ್‌ನಲ್ಲಿ ಇದನ್ನು ಜನರ ಮುಂದೆ ನುಡಿಸಿದ್ದೂ ಕ್ಲಾರಾ.

ಇದರ ಮೂರನೆಯ ಭಾಗ ನಿಧಾನಗತಿಯದು. ಹಾಡಿನ ಹಾಗೆ ನುಡಿಸಿ ಅಂತ ಶೂಮನ್ ಮೇಲೆ ಬರೆದಿದ್ದಾರೆ. ಚೆಲ್ಲೋ ಒಂದು ರಾಗವನ್ನು ಎತ್ತುತ್ತದೆ. ಅದನ್ನು ಪಿಟೀಲು ತೆಗೆದುಕೊಳ್ಳುತ್ತದೆ. ಮುಂದೆ ವಿಯೋಲಾದ ಸರದಿ. ವಿಯೋಲಾ ಆ ರಾಗವನ್ನು ಹಾಡುವಾಗ ಪಿಟೀಲು ಸುತ್ತಲೂ ಸಣ್ಣ ಸಣ್ಣ ಬಳ್ಳಿಗಳನ್ನು ಹಬ್ಬಿಸುತ್ತಾ ಇರುತ್ತದೆ. ಮುಖ್ಯ ಯಾರು, ಪಕ್ಕ ಯಾರು ಎಂಬ ಪ್ರಶ್ನೆಗೆ ಇದಕ್ಕಿಂತ ಚೆಂದದ ಉತ್ತರ ನಾನು ಬೇರೆಲ್ಲೂ ಕೇಳಿಲ್ಲ. ಮನೆಯಲ್ಲಿ ಎಲ್ಲರೂ ಸರದಿ ಮೇಲೆ ಮಗು ಎತ್ತಿಕೊಂಡ ಹಾಗೆ.

ನಾನು ಒಮ್ಮೆ ಎರಡನೇ ಸಾಲಿನಲ್ಲಿ ಕೂತು ಇದನ್ನು ಕೇಳುತ್ತಿದ್ದೆ. ಭಾಗ ಮುಗಿಯುವ ಹೊತ್ತಿಗೆ ಚೆಲ್ಲೋದವರು ನುಡಿಸುವುದನ್ನು ಬಿಟ್ಟರು. ಕಮಾನನ್ನು ತೊಡೆಯ ಮೇಲೆ ಇಟ್ಟರು. ಕಿವಿಯನ್ನು ವಾದ್ಯಕ್ಕೆ ತಾಗುವಷ್ಟು ಬಗ್ಗಿಸಿ, ಅತಿ ದಪ್ಪ ತಂತಿಯ ಬಿರಡೆಯನ್ನು ನಿಧಾನವಾಗಿ ತಿರುಗಿಸಿ ಸಡಿಲ ಮಾಡಿದರು. ಪಕ್ಕದಲ್ಲಿ ಮಿಕ್ಕ ಮೂವರ ಸಂಗೀತ ನಡೆದೇ ಇದೆ. ಹೆಬ್ಬೆರಳಿನಿಂದ ತಂತಿಯನ್ನು ಒಮ್ಮೆ ಮುಟ್ಟಿದರು, ಯಾರಿಗೂ ಕೇಳದಷ್ಟು ಮೆಲ್ಲಗೆ. ಇನ್ನೂ ಒಂದು ಚೂರು ಇಳಿಸಿದರು. ತಂತಿಯೇನಾದರೂ ಹರಿಯಿತಾ ಅಂತ ನನಗೆ ಗಾಬರಿ. ಏನೂ ಆಗಿರಲಿಲ್ಲ. ಅದು ಶೂಮನ್ ಬರೆದಿಟ್ಟ ಸೂಚನೆ. ಚೆಲ್ಲೋದ ಅತಿ ಕೆಳಗಿನ ಸ್ವರ ಸಿ. ಶೂಮನ್‌ಗೆ ಅದಕ್ಕಿಂತ ಒಂದು ಸ್ವರ ಕೆಳಗಿನ ಬಿ ಫ್ಲ್ಯಾಟ್ ಬೇಕಿತ್ತು. ವಾದ್ಯದಲ್ಲಿ ಇಲ್ಲದ ಸ್ವರ! ಅದಕ್ಕೇ ನುಡಿಸುವ ನಡುವೆಯೇ ತಂತಿ ಇಳಿಸಬೇಕು.

ಆಮೇಲೆ ಚೆಲ್ಲೋ ಆ ಸ್ವರವನ್ನು ಹಿಡಿದು ನಿಲ್ಲುತ್ತದೆ. ಕದಲುವುದೇ ಇಲ್ಲ. ಅದನ್ನು ಕೇಳಿದಾಗ ನನಗೆ ತಂಬೂರಿ ನೆನಪಾಯಿತು. ಅಷ್ಟು ಹೊತ್ತು ಊರೂರು ಅಲೆದ ಷಡ್ಜ ಕೊನೆಗೆ ಒಂದು ಕಡೆ ಕೂತಿದೆ. ಆ ಆಧಾರದ ಮೇಲೆ ಮಿಕ್ಕವರು ಒಂದು ಚಿಕ್ಕ ಹೊಸ ತುಣುಕನ್ನು ಪಿಸುಗುಟ್ಟುತ್ತಾರೆ. ಅದು ಕೊನೆಯ ಭಾಗದ ಬೀಜ. ಕೆಲವೇ ಕ್ಷಣದಲ್ಲಿ ಅದೇ ತುಣುಕು ಸಿಡಿದು ಓಟವಾಗುತ್ತದೆ. ಮನೆಯಲ್ಲಿ ಸ್ಪೀಕರ್‌ನಲ್ಲಿ ಎಷ್ಟೋ ಸಲ ಕೇಳಿದ್ದೆ. ಆ ಬಿರಡೆ ತಿರುಗಿದ್ದನ್ನು ಕಂಡ ಮೇಲೆಯೇ ಆ ಸ್ವರ ಎಷ್ಟು ದೂರದಿಂದ ಬರುತ್ತದೆ ಅಂತ ತಿಳಿದದ್ದು.

ಭಾಗ ಅಂತ ಹೇಳುತ್ತಾ ಬಂದಿದ್ದೇನೆ. ಒಂದು ಕ್ವಾರ್ಟೆಟ್ ಅಂದರೆ ಮೂರೋ ನಾಲ್ಕೋ ಮೂವ್‌ಮೆಂಟ್‌ಗಳು. ಒಂದು ಬಿರುಸಿನದು, ಒಂದು ನಿಧಾನದ್ದು, ಒಂದು ಕುಣಿತದ್ದು, ಕೊನೆಗೆ ಮತ್ತೆ ಬಿರುಸು, ಸುಮಾರಾಗಿ ಹೀಗೆ. ನಡುವೆ ಚಪ್ಪಾಳೆ ತಟ್ಟುವುದಿಲ್ಲ, ಎಲ್ಲ ಮುಗಿದ ಮೇಲೆ ತಟ್ಟುವುದು ಈಗಿನ ರೂಢಿ. ಸ್ವರ ಚೆನ್ನಾಗಿ ಬಿದ್ದಾಗ ಆಹಾ ಅಂದು ಅಭ್ಯಾಸ ಇರುವ ನಮಗೆ ಇದು ಕಷ್ಟ, ಅಲ್ವಾ? ಮೊತ್ಸಾರ್ಟ್ ಕಾಲದಲ್ಲಿ ಹಾಗಿರಲಿಲ್ಲ. 1778ರಲ್ಲಿ ಪ್ಯಾರಿಸ್‌ನಲ್ಲಿ ತನ್ನ ಸಿಂಫನಿ ನಡೆಯುತ್ತಿದ್ದಾಗ, ಒಂದು ಭಾಗದ ನಡುವೆಯೇ ಜನ ಚಪ್ಪಾಳೆ ತಟ್ಟಿದರು ಅಂತ ಅವರು ಅಪ್ಪನಿಗೆ ಖುಷಿಯಿಂದ ಕಾಗದ ಬರೆದಿದ್ದಾರೆ. ಈಗಿನ ರೂಢಿಗೆ ನಾನು ವಿರೋಧಿಯಲ್ಲ. ಶೂಮನ್‌ನ ಆ ಬಿ ಫ್ಲ್ಯಾಟ್ ಆದ ಮೇಲಿನ ಮೌನ ನನಗೆ ಬೇಕು.

ಶೂಮನ್ ನಂತರ ಬ್ರಾಮ್ಸ್. ಅವರು ಮೂರು ಪಿಯಾನೋ ಕ್ವಾರ್ಟೆಟ್ ಬರೆದರು. ಮೊದಲನೆಯದು ಜಿ ಮೈನರ್, ಓಪಸ್ 25, ಸುಮಾರು 40 ನಿಮಿಷ. 1861ರ ನವೆಂಬರ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ಅದು ಮೊದಲ ಸಲ ಕೇಳಿಬಂದಾಗ ಪಿಯಾನೋ ಮುಂದೆ ಕೂತವರು ಮತ್ತೆ ಕ್ಲಾರಾ ಶೂಮನ್. ಗಂಡ ತೀರಿಕೊಂಡು ಐದು ವರ್ಷವಾಗಿತ್ತು. ಮರುವರ್ಷ ಬ್ರಾಮ್ಸ್ ವಿಯೆನ್ನಾಕ್ಕೆ ಬಂದಾಗ ಅಲ್ಲಿನ ಜನರಿಗೆ ತಮ್ಮ ಪರಿಚಯ ಮಾಡಿಕೊಟ್ಟಿದ್ದೂ ಇದೇ ಕೃತಿಯಿಂದ, ತಾವೇ ಪಿಯಾನೋ ನುಡಿಸಿ.

ಇದರ ಕೊನೆಯ ಭಾಗವನ್ನು ಒಮ್ಮೆ ಕೇಳಿದವರು ಮರೆಯಲಾರರು. ಹಂಗೇರಿಯ ರೋಮಾ ಸಮುದಾಯದ ವಾದಕರ ಶೈಲಿಯಲ್ಲಿ ಒಂದು ರೊಂಡೋ, ಅಂದರೆ ಮೊದಲ ಸಾಲು ಪಲ್ಲವಿಯ ಹಾಗೆ ಮತ್ತೆ ಮತ್ತೆ ಬರುವ ರಚನೆ. ಬ್ರಾಮ್ಸ್ ಇಪ್ಪತ್ತರ ಹುಡುಗನಾಗಿದ್ದಾಗ ಎಡೆ ರೆಮೆನಿ ಎಂಬ ಹಂಗೇರಿಯ ಪಿಟೀಲು ವಾದಕನ ಜೊತೆ ಊರೂರು ತಿರುಗಿ ಪಿಯಾನೋ ನುಡಿಸಿದ್ದರು. ಆ ಓಡಾಟದಲ್ಲಿ ಕಿವಿಗೆ ಬಿದ್ದದ್ದು ಇಲ್ಲಿ ಹೊರಬಂದಿದೆ. ಸಾಲುಗಳು ಮೂರು ಮೂರು ಆವರ್ತಕ್ಕೆ ತುಂಡಾಗುತ್ತವೆ. ನಾಲ್ಕಕ್ಕೆ ಒಗ್ಗಿದ ಕಿವಿಗೆ ಪ್ರತಿ ಸಲ ಒಂದು ಮೆಟ್ಟಿಲು ಕಡಿಮೆ ಬಿದ್ದ ಹಾಗೆ. ನಡುವೆ ಎಲ್ಲರೂ ನಿಂತು ಪಿಯಾನೋ ಒಂದೇ ಸುರಿಮಳೆ ಸುರಿಸುತ್ತದೆ. ಹಂಗೇರಿಯಲ್ಲಿ ಸಿಂಬಲಂ ಎಂಬ ವಾದ್ಯವಿದೆ, ನಮ್ಮ ಸಂತೂರಿನ ಹಾಗೆ ಕೋಲುಗಳಿಂದ ತಂತಿಗೆ ಬಾರಿಸುವುದು. ಪಿಯಾನೋ ಆಗ ಆ ಸಿಂಬಲಂ ಆಗುತ್ತದೆ. ಸುತ್ತಿಗೆಯ ಹೊಡೆತ ಪಿಯಾನೋದ ಕೊರತೆ ಅಂತ ಮೇಲೆ ಹೇಳಿದೆನಲ್ಲ, ಬ್ರಾಮ್ಸ್ ಇಲ್ಲಿ ಆ ಹೊಡೆತವನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. ಹುಟ್ಟಿನಿಂದ ಹಂಗೇರಿಯವರಾದ ಪಿಟೀಲು ವಾದಕ ಯೋಸೆಫ್ ಯೋಆಖಿಮ್ ಇದನ್ನು ನೋಡಿ, ನನ್ನ ನೆಲದಲ್ಲೇ ನನ್ನನ್ನು ಸೋಲಿಸಿದಿರಿ ಎಂಬರ್ಥದಲ್ಲಿ ಬ್ರಾಮ್ಸ್‌ಗೆ ಬರೆದರು.

ಉಳಿದವರ ಬಗ್ಗೆ ಎರಡೇ ಮಾತು. ಫ್ರಾನ್ಸಿನ ಗಬ್ರಿಯೆಲ್ ಫೋರೆ ತಮ್ಮ ಸಿ ಮೈನರ್ ಕ್ವಾರ್ಟೆಟ್‌ನಲ್ಲಿ ಮೂರು ಕಮಾನು ವಾದ್ಯಗಳನ್ನು ಒಂದೇ ದನಿಯಾಗಿ ಹಾಡಿಸಿ, ಪಿಯಾನೋವನ್ನು ತಾಳದ ಎಡೆಗಳಲ್ಲಿ ಬಡಿಯಲು ಬಿಡುತ್ತಾರೆ. ಶುರುವಿನಲ್ಲೇ ಕೇಳಿ. ಚೆಕ್ ನಾಡಿನ ಡ್ವೊರ್ಜಾಕ್ 1889ರಲ್ಲಿ ಬರೆದ ಇ ಫ್ಲ್ಯಾಟ್ ಕ್ವಾರ್ಟೆಟ್ ಬಹಳ ಹೃದಯವಂತ ಕೃತಿ. ಅವರೂ ಯೌವನದಲ್ಲಿ ಪ್ರಾಗ್‌ನ ರಂಗಮಂದಿರದ ಆರ್ಕೆಸ್ಟ್ರಾದಲ್ಲಿ ಹೊಟ್ಟೆಪಾಡಿಗೆ ವಿಯೋಲಾ ನುಡಿಸಿದವರು. ನಡುವಿನ ಕುರ್ಚಿಯವರು ಬರೆದಾಗ ಸಂಗೀತದ ನಡುಭಾಗ ತುಂಬಿಕೊಂಡಿರುತ್ತದೆ.

ಬ್ರಾಮ್ಸ್‌ನ ಜಿ ಮೈನರ್‌ಗೆ ಇನ್ನೊಂದು ಜನ್ಮವೂ ಆಯಿತು. 1937ರಲ್ಲಿ ರಚನಕಾರ ಆರ್ನಾಲ್ಡ್ ಶೋನ್‌ಬರ್ಗ್ ಅಮೆರಿಕದಲ್ಲಿ ಕೂತು ಇದನ್ನು ದೊಡ್ಡ ಆರ್ಕೆಸ್ಟ್ರಾಕ್ಕೆ ಅಳವಡಿಸಿದರು. ಮರುವರ್ಷ ಲಾಸ್ ಏಂಜಲಿಸ್‌ನಲ್ಲಿ ಆಟೋ ಕ್ಲೆಂಪರರ್ ಕಂಡಕ್ಟರ್ ಆಗಿ ನಿಂತು ಅದನ್ನು ನಡೆಸಿಕೊಟ್ಟರು. ಯಾಕೆ ಮಾಡಿದಿರಿ ಎಂಬುದಕ್ಕೆ ಶೋನ್‌ಬರ್ಗ್ ಕೊಟ್ಟ ಕಾರಣಗಳು ಸರಳ. ನನಗೆ ಈ ಕೃತಿ ಇಷ್ಟ. ಇದನ್ನು ನುಡಿಸುವುದು ಅಪರೂಪ. ನುಡಿಸಿದಾಗಲೂ ಪಿಯಾನೋದವರು ಎಷ್ಟು ಒಳ್ಳೆಯವರೋ ಅಷ್ಟು ಜೋರಾಗಿ ನುಡಿಸಿ ಮಿಕ್ಕ ಮೂವರು ಕೇಳದಂತೆ ಮಾಡುತ್ತಾರೆ, ಒಮ್ಮೆಯಾದರೂ ಎಲ್ಲವನ್ನೂ ಕೇಳಬೇಕು ಅಂತ ನನಗೆ ಆಸೆಯಿತ್ತು.

ಆ ಆರ್ಕೆಸ್ಟ್ರಾದಲ್ಲಿ ಕೊಳಲು, ಕಹಳೆ, ಡ್ರಮ್ಮು, ಝೈಲೋಫೋನ್ ಎಲ್ಲ ಇವೆ. ಪಿಯಾನೋ ಮಾತ್ರ ಇಲ್ಲ. ಅದರಲ್ಲಿ ನಿಜಕ್ಕೂ ಎಲ್ಲ ಸಾಲೂ ಕೇಳುತ್ತದೆ. ನಾನು ಅದನ್ನು ಕೇಳಿ ಎಷ್ಟೋ ಕಲಿತೆ. ಆದರೂ ಕಛೇರಿಗೆ ಹೋಗುವುದಾದರೆ ನಾಲ್ವರದ್ದಕ್ಕೇ ಹೋಗುತ್ತೇನೆ, ಮುಂದಿನ ಸಾಲಿನಲ್ಲಿ, ವಿಯೋಲಾದವರ ಮುಖ ಕಾಣುವ ಕಡೆ.